ಅರವತ್ತರ ಮೇಲೆ ಹಳೇ ಹಂಚಿನ ಮನೆಗೆ: ಉಡುಪಿ ಕಡೆ ನೆಲೆಸುವವರಿಗೊಂದು ಮಾರ್ಗದರ್ಶಿ

ಹಳೇ ಮನೆ ನೋಡಲು ಎಲ್ಲರೂ ಬರುವುದು ಡಿಸೆಂಬರ್‌ನಲ್ಲಿ. ನಾವೂ ಹಾಗೇ ಬಂದವರು. ಅಂಗಳಕ್ಕೆ ಹೊಸದಾಗಿ ಸೆಗಣಿ ಸಾರಿಸಿದ್ದರು. ಅಡಿಕೆ ಒಣಗಲು ಹಾಕಿದ್ದರು. ಬಾವಿ ತುಂಬ ನೀರು, ಜಗಲಿಯಲ್ಲಿ ತಣ್ಣನೆ ಗಾಳಿ. ಮೂವತ್ತು ವರ್ಷ ಮುಂಬಯಿಯ ಎರಡು ಕೋಣೆಯಲ್ಲಿ ಬದುಕಿದವರಿಗೆ ಇನ್ನೇನು ಬೇಕು? ಅಲ್ಲೇ ಮುಂಗಡ ಕೊಟ್ಟುಬಿಡುವವರಿದ್ದೆವು. ಇಂಥದೇ ಮನೆಯಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆ ತಡೆದರು. “ಮೇ ತಿಂಗಳಲ್ಲಿ ಬಾವಿ ನೋಡು, ಆಟಿಯಲ್ಲಿ ಮಾಡು ನೋಡು. ಆಮೇಲೆ ಬೇಕಾದರೆ ದುಡ್ಡು ಕೊಡು” ಎಂದರು. ಆಟಿ ಅಂದರೆ ತುಳುವಿನಲ್ಲಿ ಜೋರು ಮಳೆಯ ತಿಂಗಳು, ಮಾಡು ಅಂದರೆ ಮನೆಯ ಛಾವಣಿ.

ಆ ಮನೆ ನಾವು ತೆಗೆದುಕೊಳ್ಳಲಿಲ್ಲ. ಮೇ ತಿಂಗಳಲ್ಲಿ ಹೋಗಿ ನೋಡಿದರೆ ಬಾವಿಯ ತಳದಲ್ಲಿ ಕೊಡಪಾನ ಮುಳುಗುವಷ್ಟೂ ನೀರಿರಲಿಲ್ಲ. ಈಗ ಕಾರ್ಕಳ ತಾಲೂಕಿನ ಒಂದು ಒಳಹಳ್ಳಿಯಲ್ಲಿ ಇದ್ದೇವೆ. ಏಳು ಮಳೆಗಾಲ ಆಯಿತು. ನನಗೆ 66, ನಮ್ಮ ಯಜಮಾನರಿಗೆ 70. ಬರಬೇಕು ಅಂತ ಆಸೆ ಇರುವವರು ತುಂಬಾ ಜನ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹಂತ 1: ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ

ಇದನ್ನು ಮಾತ್ರ ಬಿಡಬೇಡಿ. ಉಡುಪಿ, ಮಂಗಳೂರು ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಕರೆಂಟು ಹೋದರೆ ಒಮ್ಮೊಮ್ಮೆ ಎರಡು ದಿನ ಬರುವುದಿಲ್ಲ. ಬಾಲ್ಯದಲ್ಲಿ ಇದೆಲ್ಲ ಗೊತ್ತಿದ್ದವರೂ ನಲವತ್ತು ವರ್ಷ ಹೊರಗಿದ್ದು ಬಂದರೆ ಹೊಸಬರೇ.

ನಿಮಗೆ ಇಷ್ಟವಾದ ಊರಿನಲ್ಲೇ ಮೇ ತಿಂಗಳಿಂದ ಅಕ್ಟೋಬರ್ ತನಕ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ಪೇಟೆಯ ಫ್ಲ್ಯಾಟ್ ಬೇಡ, ಹಳ್ಳಿಯ ಒಳಗೇ ಇರಿ. ಗಂಡ ಹೆಂಡತಿ ಇಬ್ಬರೂ ಇರಬೇಕು. ಸಾಮಾನ್ಯವಾಗಿ ಒಬ್ಬರಿಗೆ ಜಾಸ್ತಿ ಆಸೆ, ಇನ್ನೊಬ್ಬರು ಸುಮ್ನೆ ಜೊತೆಗೆ ಬಂದಿರುತ್ತಾರೆ. ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ದಿನವಿಡೀ ದೀಪ ಹಾಕಿಕೊಂಡೇ ಕೂರಬೇಕಾದಾಗ ಯಾರ ಮನಸ್ಸು ಎಲ್ಲಿದೆ ಅಂತ ಗೊತ್ತಾಗುತ್ತದೆ. ಈಗ ಪೇಟೆಯಲ್ಲಿರುವ ಮನೆ, ಫ್ಲ್ಯಾಟ್ ಏನಿದೆಯೋ ಅದನ್ನು ಎರಡು ವರ್ಷ ಮಾರಬೇಡಿ. ಬಾಡಿಗೆಗೆ ಕೊಟ್ಟಿರಿ.

ಹಂತ 2: ಜಾಗ ಆರಿಸುವುದು

ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೆ. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ದೊಡ್ಡ ಆಸ್ಪತ್ರೆಗೆ ಎಷ್ಟು ಹೊತ್ತು? ನಲವತ್ತೈದು ನಿಮಿಷಕ್ಕಿಂತ ಜಾಸ್ತಿ ಆಗುವ ಮನೆಗಳನ್ನೆಲ್ಲ ಪಟ್ಟಿಯಿಂದ ತೆಗೆದೆವು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಉಡುಪಿ, ಮಂಗಳೂರಿನ ದೊಡ್ಡ ಆಸ್ಪತ್ರೆಗಳು ನಮ್ಮ ಭಾಗ್ಯ. ಆದರೆ ಘಟ್ಟದ ಬುಡದ ಹಳ್ಳಿಗಳಿಂದ ಅವು ದೂರವೇ. ಮಳೆಗೆ ಮರ ಬಿದ್ದರೆ ಇನ್ನೂ ದೂರ.

ಕಾರು ಮನೆ ಅಂಗಳದ ತನಕ ಬರುತ್ತದಾ ನೋಡಿ. ಬೇಸಿಗೆಯಲ್ಲಿ ಒಣಗಿರುವ ತೋಡು (ಸಣ್ಣ ಹಳ್ಳ) ಮಳೆಗಾಲದಲ್ಲಿ ದಾರಿಯ ಮೇಲೇ ಹರಿಯಬಹುದು. ಎಪ್ಪತ್ತೈದರ ಮೇಲೆ ನೀವೇ ಕಾರು ಓಡಿಸುತ್ತೀರಿ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಬಸ್ಸು ನಿಲ್ಲುವ ಜಾಗ, ಕೊನೆಯ ಬಸ್ಸಿನ ಹೊತ್ತು, ಹತ್ತಿರದ ರಿಕ್ಷಾ ಸ್ಟ್ಯಾಂಡು ಮೂರನ್ನೂ ನೋಡಿಕೊಳ್ಳಿ.

ಇನ್ನೊಂದು ವಿಷಯ ನಮ್ಮ ಹಿರಿಯರು ಚೆನ್ನಾಗಿ ತಿಳಿದಿದ್ದರು. ಇಲ್ಲಿ ಗದ್ದೆಯಲ್ಲಿ ಮೂರು ಬಗೆ: ಬೈಲು, ಮಜಲು, ಬೆಟ್ಟು. ಬೈಲು ತಗ್ಗಿನಲ್ಲಿ, ನೀರು ಬತ್ತದ ಜಾಗ. ಬೆಟ್ಟು ಮೇಲೆ, ಮಳೆ ನಂಬಿದ್ದು. ಮಜಲು ಇವೆರಡರ ನಡುವಿನದು. ಹಳೇ ಮನೆಗಳನ್ನು ಹೆಚ್ಚಾಗಿ ಬೈಲಿಗಿಂತ ಸ್ವಲ್ಪ ಎತ್ತರದಲ್ಲಿ ಕಟ್ಟಿರುತ್ತಾರೆ. ಬೈಲಿಗೇ ತಾಗಿದ ಮನೆಯಾದರೆ ತಂಪೇನೋ ಹೌದು, ಆದರೆ ನೆಲ ವರ್ಷವಿಡೀ ಒದ್ದೆ. ಗಂಟುನೋವು ಇರುವವರಿಗೆ ಬೇಡವೇ ಬೇಡ.

ಹಂತ 3: ಬಾವಿ

ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕೈಗೆ ಸಿಗುವ ನೀರು ಏಪ್ರಿಲ್ ಹೊತ್ತಿಗೆ ಪಾತಾಳಕ್ಕೆ ಹೋಗಬಹುದು. ಮೇ ಎರಡನೇ ವಾರದಲ್ಲಿ ಹೋಗಿ. ಹಗ್ಗದ ತುದಿಗೆ ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿ ಬಾವಿಗೆ ಬಿಡಿ. ಎಷ್ಟು ಗಂಟು ಒದ್ದೆಯಾಗಿದೆ ಎಣಿಸಿ. ಸಂಜೆ ಪಂಪು ಹಾಕಿ ನೀರು ತೆಗೆಸಿ ಮತ್ತೆ ಅಳೆಯಿರಿ. ಬೆಳಿಗ್ಗೆ ಪುನಃ ಅಳೆಯಿರಿ. ರಾತ್ರಿಯೊಳಗೆ ಒರತೆ ಎಷ್ಟು ಬಂತು ಅನ್ನುವುದೇ ಮುಖ್ಯ. ಮೇ ತಿಂಗಳಲ್ಲಿ ನಾಲ್ಕೈದು ಅಡಿ ನೀರಿದ್ದು, ತೆಗೆದದ್ದು ಬೆಳಗಾಗುವಷ್ಟರಲ್ಲಿ ತುಂಬಿದರೆ ಇಬ್ಬರ ಮನೆವಾರ್ತೆಗೆ ಧಾರಾಳ.

ಸಮುದ್ರಕ್ಕೋ ಹೊಳೆಯ ಅಳಿವೆಗೋ ಹತ್ತಿರವಾದರೆ ಬೇಸಿಗೆಯಲ್ಲಿ ಉಪ್ಪು ಬರುತ್ತದಾ ಕೇಳಿ, ಕುಡಿದೂ ನೋಡಿ. ಪಕ್ಕದ ಮನೆಯವರಲ್ಲೂ ವಿಚಾರಿಸಿ. ಅವರು ಸುಳ್ಳು ಹೇಳುವ ಕಾರಣ ಇಲ್ಲ. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ ಇರಬೇಕು, ಮತ್ತು ಬಾವಿಗಿಂತ ತಗ್ಗಿನಲ್ಲಿರಬೇಕು. ಅದು ಸರಿ ಇಲ್ಲದಿದ್ದರೆ ಹೊಸ ಗುಂಡಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಮ್ಮೆ ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ.

ಹಂತ 4: ಮಾಡು, ಮರ, ಗೋಡೆ

ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಶುರು ಮಾಡಿದರು. ಆ ಕಾಲದ ಹಂಚು ಈಗಲೂ ಕೆಲವು ಮನೆಗಳ ಮೇಲೆ ಗಟ್ಟಿಯಾಗಿ ಕೂತಿದೆ. ಹಂಚಿಗೆ ಆಯುಷ್ಯ ಜಾಸ್ತಿ. ಸೋಲುವುದು ಅದರ ಅಡಿಯ ಮರ.

ಹಾಗಾಗಿ ಮನೆ ನೋಡಲು ಹೋಗುವಾಗ ಇಂಜಿನಿಯರರಿಗಿಂತ ಮೊದಲು ಮರಗೆಲಸದ ಹಳೇ ಆಚಾರಿಯೊಬ್ಬರನ್ನು ಕರೆದುಕೊಂಡು ಹೋಗಿ. ನಮ್ಮ ಜೊತೆ ಬಂದವರು ಅಟ್ಟ ಹತ್ತಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಒಂದೊಂದೇ ಪಕ್ಕಾಸಿಗೆ (ಮಾಡು ಹೊರುವ ಓರೆ ಮರ) ಉಳಿಯ ಹಿಂಬದಿಯಿಂದ ಬಡಿಯುತ್ತಾ ಹೋದರು. ಟಣ್ ಟಣ್ ಅಂತ ಬರುತ್ತಿದ್ದ ಸದ್ದು ಒಂದು ಕಡೆ ಬೊದ್ ಅಂತ ಆಯಿತು. ಉಳಿ ಚುಚ್ಚಿದರು. ಬೆಣ್ಣೆಗೆ ಹೋದ ಹಾಗೆ ಹಿಡಿಯ ತನಕ ಒಳಗೆ ಹೋಯಿತು. ಎಳೆದಾಗ ಕಾಫಿಪುಡಿಯಂಥ ಹುಡಿ ಸುರಿಯಿತು. “ಮೇಲಿಂದ ಬಣ್ಣ ಉಂಟು ಅಕ್ಕ, ಒಳಗೆ ಎಂತ ಇಲ್ಲ” ಎಂದರು. ಹೊರಗಿಂದ ಆ ಪಕ್ಕಾಸು ಉಳಿದವುಗಳಿಗಿಂತ ಚೆಂದ ಕಾಣುತ್ತಿತ್ತು, ಹೊಸ ವಾರ್ನಿಶ್ ಹೊಡೆದಿದ್ದರು. ನಲವತ್ತೆರಡು ಪಕ್ಕಾಸಿನಲ್ಲಿ ಹನ್ನೊಂದು ಹೋಗಿತ್ತು. ಕ್ರಯ ಮಾತಾಡುವಾಗ ಆ ಹನ್ನೊಂದರ ಲೆಕ್ಕ ನಮ್ಮ ಕೈಲಿತ್ತು.

ಗೋಡೆಯ ಮೇಲೆ ಪಕ್ಕಾಸು ಕೂರುವ ಜಾಗ, ಎರಡು ಮಾಡು ಸೇರುವಲ್ಲಿ ನೀರು ಹರಿದುಹೋಗುವ ತಗಡಿನ ದೋಣಿ, ಬಚ್ಚಲ ಪಕ್ಕದ ಕಂಬದ ಬುಡ, ಇವನ್ನು ವಿಶೇಷವಾಗಿ ನೋಡಿ. ನೀರು ಸೋರುವುದೂ ಗೆದ್ದಲು ಹತ್ತುವುದೂ ಅಲ್ಲಿಂದಲೇ. ಕಿರಾಲುಬೋಗಿ, ಹಲಸು, ಸಾಗುವಾನಿಯ ಮರವಾದರೆ ಪುಣ್ಯ. ಅಂಥ ಮನೆಯ ಕಂಬ, ಬಾಗಿಲುಗಳಿಗೆ ಹಳೇ ಸಾಮಾನಿನ ವ್ಯಾಪಾರಿಗಳು ಒಳ್ಳೇ ದುಡ್ಡು ಕೊಡಲು ಬರುತ್ತಾರೆ. ದಯವಿಟ್ಟು ಮಾರಬೇಡಿ. ಅಂಥ ಮರ ಈಗ ಎಲ್ಲಿ ಸಿಗುತ್ತದೆ? ಉಳಿದ ಮರಕ್ಕೆ ಬೇಸಿಗೆಯಲ್ಲಿ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿಸಿ. ಗೆದ್ದಲಿಗೆ ಅದು ಹಳೇ ಮದ್ದು. ಆದರೆ ಮೈಗೆ ತಾಗಿದರೆ ಸುಟ್ಟು ಬೊಕ್ಕೆ ಬರುತ್ತದೆ, ಕೈಗವಸು ಬೇಕೇ ಬೇಕು.

ಹಂಚು ಬದಲಿಸುವಾಗ ಹಿಂಬದಿಯಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರು ನೋಡಿ ಅದೇ ಕಾರ್ಖಾನೆಯ ಹಳೇ ಹಂಚು ಹುಡುಕಿ. ಒಂದೊಂದು ಕಾರ್ಖಾನೆಯ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಬೇರೆ ಬೇರೆ ಸೇರಿಸಿದರೆ ಕೊಂಡಿ ಸರಿ ಕೂರದೆ ಗಾಳಿಮಳೆಗೆ ನೀರು ಒಳಗೆ ಬರುತ್ತದೆ. ಪ್ರತಿ ವರ್ಷ ಮಳೆಗೆ ಮೊದಲು ಹಂಚು ಕೈಯಾಡಿಸಬೇಕು, ಅಂದರೆ ಒಡೆದದ್ದು ತೆಗೆದು, ಜಾರಿದ್ದು ಸರಿಸಿ, ತರಗೆಲೆ ಗುಡಿಸಬೇಕು. ಈ ಕೆಲಸ ಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ಏಪ್ರಿಲ್‌ನಲ್ಲಿ ಕರೆದರೆ ಸಿಗುವುದಿಲ್ಲ, ಫೆಬ್ರವರಿಯಲ್ಲೇ ಹೇಳಿಡಿ. ಮಂಗ ಜಾಸ್ತಿ ಇರುವ ಊರಾದರೆ ಇನ್ನೂರು ಹಂಚು ಹೆಚ್ಚಿಗೆ ತಂದಿಟ್ಟಿರಿ.

ಗೋಡೆಯ ವಿಷಯದಲ್ಲಿ ನಾವೇ ಒಂದು ತಪ್ಪು ಮಾಡಿದೆವು. ಮಣ್ಣಿನ ಗೋಡೆಯ ಪಡಸಾಲೆಗೆ ಒಬ್ಬ ಗುತ್ತಿಗೆದಾರರ ಮಾತು ಕೇಳಿ ಸಿಮೆಂಟ್ ಸಾರಣೆ ಮಾಡಿಸಿದೆವು. ಎರಡನೇ ಮಳೆಗಾಲಕ್ಕೆ ಅದು ತಟ್ಟೆ ತಟ್ಟೆಯಾಗಿ ಕಳಚಿ ಬಿತ್ತು. ಮಣ್ಣು, ಮುರಕಲ್ಲು ನೀರು ಹೀರುತ್ತವೆ, ಬಿಸಿಲಿಗೆ ಬಿಡುತ್ತವೆ. ಸಿಮೆಂಟು ಆ ನೀರನ್ನು ಒಳಗೇ ಕೂಡಿ ಹಾಕುತ್ತದೆ. ಸುಣ್ಣದ ಗಾರೆಯನ್ನೇ ಮಾಡಿಸಿ, ಸುಣ್ಣವನ್ನೇ ಬಳಿಯಿರಿ. ಮಳೆ ಬಡಿಯುವ ಗೋಡೆಗೆ ಹಿಂದಿನವರು ತೆಂಗಿನ ಮಡಲಿನ (ಗರಿಯ) ತಟ್ಟಿ ಕಟ್ಟುತ್ತಿದ್ದರು. ನಾವು ಈಗಲೂ ಪಶ್ಚಿಮದ ಗೋಡೆಗೆ ಕಟ್ಟಿಸುತ್ತೇವೆ. ನೆಲ ಹಳೇ ಕಾವಿಯದ್ದಾದರೆ ಒಡೆಯಬೇಡಿ. ನುಣುಪು ಟೈಲ್ಸ್ ಆಟಿಯಲ್ಲಿ ಬೆವರುತ್ತದೆ, ಕಾಲು ಜಾರುತ್ತದೆ.

ಹಳೇ ಮನೆ ಹೇಗೆ ಕಟ್ಟುತ್ತಿದ್ದರು ಅಂತ ನೋಡಬೇಕಿದ್ದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಮಂಗಳೂರಿನ ಪಿಲಿಕುಳದ ಗುತ್ತಿನ ಮನೆ (ಹಳೇ ದೊಡ್ಡ ಮನೆತನದವರ ಮನೆ) ಎರಡಕ್ಕೂ ಒಂದೊಂದು ದಿನ ಇಟ್ಟುಕೊಳ್ಳಿ. ಆಚಾರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರು ತೋರಿಸುವಷ್ಟು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಂತ 5: ಕಾಗದಪತ್ರ

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಆದರೆ ಗಲ್ಫಿನಲ್ಲೋ ಬೇರೆ ದೇಶದಲ್ಲೋ ಅನಿವಾಸಿಯಾಗಿರುವಾಗ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕ್ರಯಕ್ಕೆ ತೆಗೆದುಕೊಳ್ಳುವಂತಿಲ್ಲ. ಮನೆಯವರಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು.

ನಮ್ಮ ಜಿಲ್ಲೆಗಳ ಜಮೀನಿಗೆ ಅದರದ್ದೇ ಗೋಜಲುಗಳಿವೆ. ಮೊದಲನೆಯದು ಪಾಲು. ಬಂಟರು, ಬಿಲ್ಲವರು ಮುಂತಾದವರಲ್ಲಿ ಅಳಿಯಕಟ್ಟು ಇದ್ದ ಕಾರಣ ಆಸ್ತಿ ಹೆಣ್ಣಿನ ಕಡೆಯಿಂದ ಬಂದಿರುತ್ತದೆ. ಮನೆಯಲ್ಲಿ ವಾಸ ಇರುವವರು ಒಬ್ಬರೇ ಆದರೂ ಹಕ್ಕಿರುವವರು ಮುಂಬಯಿ, ದುಬೈ, ಬೆಂಗಳೂರಿನಲ್ಲಿ ಇಪ್ಪತ್ತು ಜನ ಇರಬಹುದು. ವಂಶವೃಕ್ಷ ಕೇಳಿ ಪಡೆಯಿರಿ. ಪಾಲುಪಟ್ಟಿ ನೋಂದಣಿ ಆಗಿದೆಯಾ ನೋಡಿ. ಆಗಿಲ್ಲ ಅಂದರೆ ಎಲ್ಲರ ಸಹಿ ಬೇಕು. “ಅವರೆಲ್ಲ ಏನೂ ಹೇಳುವವರಲ್ಲ” ಎಂಬ ಮಾತು ನಂಬಿ ದುಡ್ಡು ಕೊಟ್ಟವರು ಕೋರ್ಟಿಗೆ ಅಲೆಯುವುದನ್ನು ಕಣ್ಣಾರೆ ನೋಡುತ್ತಿದ್ದೇನೆ.

ಎರಡನೆಯದು ಕುಮ್ಕಿ. ಮಾರುವವರು ಮೂರೂವರೆ ಎಕರೆ ಅನ್ನುತ್ತಾರೆ. ಪಹಣಿ ನೋಡಿದರೆ ವರ್ಗ ಜಾಗ, ಅಂದರೆ ಪಟ್ಟಾ ಇರುವ ಸ್ವಂತ ಜಾಗ, ಒಂದೂವರೆ ಎಕರೆ, ಉಳಿದದ್ದು ಕುಮ್ಕಿ. ಕುಮ್ಕಿ ಸರ್ಕಾರದ ಜಾಗ. ಸೊಪ್ಪು, ತರಗೆಲೆ, ಕಟ್ಟಿಗೆಗೆ ಪಕ್ಕದ ವರ್ಗದಾರನಿಗೆ ಸವಲತ್ತು ಇದೆ ಅಷ್ಟೇ. ಅದಕ್ಕೆ ಕ್ರಯ ಕೊಡಬೇಡಿ.

ಮೂರನೆಯದು, ಜಾಗ ಮೂಲದಲ್ಲಿ ಹೇಗೆ ಬಂತು? ಮೂಲಗೇಣಿಯೇ (ತಲೆತಲಾಂತರದ ಕಾಯಂ ಗೇಣಿ), ಗೇಣಿದಾರರಿಗೆ 1974ರ ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಬಂದದ್ದೇ, ದರ್ಖಾಸ್ತೇ (ಅರ್ಜಿ ಹಾಕಿ ಸರ್ಕಾರದಿಂದ ಪಡೆದದ್ದು), ಅಕ್ರಮ ಸಕ್ರಮವೇ (ಒತ್ತುವರಿಯನ್ನು ಸರ್ಕಾರ ಸಕ್ರಮ ಮಾಡಿದ್ದು)? ಮಂಜೂರಾದ ಜಾಗಗಳನ್ನು ಇಂತಿಷ್ಟು ವರ್ಷ ಮಾರಬಾರದು ಎಂಬ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ, 1978ರ ಕಾಯ್ದೆ ಇದೆ. ಹೊಳೆ, ಸಮುದ್ರದ ಪಕ್ಕವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್, ಘಟ್ಟದ ಬದಿಯಾದರೆ ಅರಣ್ಯದ ಗಡಿ ವಿಚಾರಿಸಿ.

ಕೈಗೆ ಬರಬೇಕಾದದ್ದು: ಈಗಿನ ಪಹಣಿ (9ನೇ ಕಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು), 30 ವರ್ಷದ ಇಸಿ (ಋಣಭಾರ ಪತ್ರ), ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಮೂಲಪತ್ರಗಳು, ಸರ್ವೆ ನಕ್ಷೆ, ಪಂಚಾಯತಿನ ಮನೆ ನಂಬರು ಮತ್ತು ತೆರಿಗೆ ರಶೀದಿ. ಪಹಣಿಯಲ್ಲಿ ಇಲ್ಲಿ ಎಕರೆ, ಸೆಂಟ್ಸ್ ಲೆಕ್ಕ. 100 ಸೆಂಟ್ಸಿಗೆ ಒಂದು ಎಕರೆ. ಬಯಲುಸೀಮೆಯಿಂದ ಬರುವವರು ಒಂದು ಗುಂಟೆಗೆ ಎರಡೂವರೆ ಸೆಂಟ್ಸ್ ಅಂತ ತಿಳಿಯಿರಿ. ಸರ್ವೆಯವರನ್ನು ಕರೆಸಿ ಗಡಿಕಲ್ಲು ಹಾಕಿಸಿ, ಅಕ್ಕಪಕ್ಕದವರ ಎದುರಿಗೇ. ದಾರಿ ಬೇರೆಯವರ ಜಾಗದಲ್ಲಿ ಬರುತ್ತಿದ್ದರೆ ದಾರಿಯ ಹಕ್ಕು ಪತ್ರದಲ್ಲಿ ಬರೆದಿರಬೇಕು. ಊರಿನ ಜಮೀನು ಗೊತ್ತಿರುವ ವಕೀಲರನ್ನೇ ಹಿಡಿಯಿರಿ.

ಹಂತ 6: ನಾಗ, ದೈವ

ಹಳೇ ಮನೆ ಎಂದರೆ ನಾಗಬನ, ದೈವದ ಕೋಣೆ ಇರುವುದು ಜಾಸ್ತಿ. ಇದನ್ನು ಮುಂಚೆಯೇ ಮಾತಾಡಿಕೊಳ್ಳಿ. ವರ್ಷಕ್ಕೆ ತಂಬಿಲ (ನಾಗ, ದೈವಕ್ಕೆ ಸಲ್ಲಿಸುವ ಸೇವೆ) ಯಾರು ಕೊಡುವುದು, ನಾಗರ ಪಂಚಮಿಗೆ ಮಾರುವವರ ಕುಟುಂಬದವರು ಬರುತ್ತಾರಾ, ಬರಲು ದಾರಿ ಯಾವುದು, ದೈವದ ಮಂಚ, ಮೂರ್ತಿಗಳು ಇಲ್ಲೇ ಇರುತ್ತವಾ ಅಥವಾ ಅವರು ಕೊಂಡುಹೋಗುತ್ತಾರಾ. ಎಲ್ಲ ಬಾಯಿಮಾತಲ್ಲಿ ಆದ ಮೇಲೆ ಕಾಗದದಲ್ಲೂ ಬರಲಿ. ನಮ್ಮಲ್ಲಿ ಬನದ ಐದು ಸೆಂಟ್ಸ್ ಅವರ ಕುಟುಂಬದ ಹೆಸರಲ್ಲೇ ಬಿಟ್ಟೆವು. ಪಂಚಮಿಗೆ ಅರವತ್ತು ಜನ ಬರುತ್ತಾರೆ. ಅವತ್ತು ನಮ್ಮ ಮನೆಯಲ್ಲಿ ಅರಶಿನ ಎಲೆಯ ಗಟ್ಟಿ ಮಾಡಿ ಎಲ್ಲರಿಗೂ ಕೊಡುತ್ತೇನೆ. ಊರಿನವರು ನಮ್ಮನ್ನು ತಮ್ಮವರು ಅಂದುಕೊಂಡದ್ದು ಆ ದಿನದಿಂದ.

ತುಳು ಬರದಿದ್ದರೆ ಕಲಿಯಿರಿ. ಎರಡು ಮಾತಾಡಿದರೂ ಸಾಕು, ಜನರ ಮುಖ ಅರಳುತ್ತದೆ.

ಹಂತ 7: ರಿಪೇರಿ, ಎಪ್ಪತ್ತೈದರ ಮೈಗೆ

ಕ್ರಮ ಇದು: ಮೊದಲು ಮಾಡು, ಆಮೇಲೆ ನೀರು ಹೋಗುವ ಕಣಿ, ಆಮೇಲೆ ವಯರಿಂಗ್, ಆಮೇಲೆ ಶೌಚ ಮತ್ತು ಬಚ್ಚಲು, ಕೊನೆಗೆ ಅಡುಗೆಮನೆ, ಬಣ್ಣ. ಎಲ್ಲರೂ ಅಡುಗೆಮನೆಯಿಂದ ಶುರು ಮಾಡುತ್ತಾರೆ, ಸೋರಿದಾಗ ಹೊಸ ಕಪಾಟು ಉಬ್ಬುತ್ತದೆ. ಆಚಾರಿ, ಮೇಸ್ತ್ರಿ ಹೇಳಿದ ಮೊತ್ತಕ್ಕೆ ಅರ್ಧ ಸೇರಿಸಿ ಇಟ್ಟುಕೊಳ್ಳಿ. ಜೀವನಕ್ಕೆ ಇಟ್ಟ ದುಡ್ಡಿಗೆ ಕೈ ಹಾಕಬೇಡಿ.

ವಯರಿಂಗ್ ಪೂರ್ತಿ ಹೊಸದು ಮಾಡಿಸಿ. ಸರಿಯಾದ ಅರ್ಥಿಂಗ್, ಶಾಕ್ ಹೊಡೆದರೆ ಬೀಳುವ ಬ್ರೇಕರ್ ಇರಲಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲು ಜೋರು. ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕಿತ್ತಿಡಿ.

ಮನೆಯೊಳಗೆ ಒಮ್ಮೆ ಕೋಲು ಹಿಡಿದು ನಡೆದು ನೋಡಿ. ಹೊಸಿಲು ಎತ್ತರ, ಬಾಗಿಲು ಗಿಡ್ಡ, ಬಚ್ಚಲು ಹೊರಗೆ ಮೂರು ಮೆಟ್ಟಿಲು ಕೆಳಗೆ. ಮಲಗುವ ಕೋಣೆಗೆ ತಾಗಿ ಒಂದು ಶೌಚಾಲಯ ಕಟ್ಟಿಸಿ, ಹಿಡಿಕೆ ಹಾಕಿಸಿ, ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲ ಇರಲಿ. ಅಟ್ಟವನ್ನು ಸಾಮಾನಿಗೆ ಬಿಟ್ಟುಬಿಡಿ. ಅಂಗಳದಲ್ಲಿ ಪಾಚಿ ಕಟ್ಟಿ ಜಾರುವುದು ಇಲ್ಲಿ ವಯಸ್ಸಾದವರ ಸೊಂಟ ಮುರಿಯುವ ದೊಡ್ಡ ಕಾರಣ. ಬಾಗಿಲಿಂದ ಗೇಟಿನ ತನಕ ಒರಟು ಕಲ್ಲು ಹಾಸಿ. ಆಗದಿದ್ದರೆ ಸೀಳಿದ ಅಡಿಕೆ ಮರದ ದಬ್ಬೆ ಹಾಸಿ. ಬ್ಲೀಚಿಂಗ್ ಪುಡಿ ಹಾಕಿ ಎರಡು ವಾರಕ್ಕೊಮ್ಮೆ ಉಜ್ಜಿಸಿ.

ಹಂತ 8: ತೋಟ

ತೋಟದಿಂದ ಬದುಕು ನಡೆಸುವ ಲೆಕ್ಕ ಹಾಕಬೇಡಿ. ಹೊಸ ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಇದ್ದ ಅಡಿಕೆಗೂ ಕೊಳೆರೋಗಕ್ಕೆ ಮಳೆಯ ಮೊದಲು ಒಮ್ಮೆ, ನಲವತ್ತು, ನಲವತ್ತೈದು ದಿನ ಕಳೆದು ಇನ್ನೊಮ್ಮೆ ಮದ್ದು ಬಿಡಬೇಕು, ಅಂದರೆ ಸಿಂಪಡಿಸಬೇಕು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಮದ್ದು ಬಿಡುವವರು ಸಿಗುವುದೇ ಕಷ್ಟ. ತೋಟ ಇದ್ದರೆ ಪಕ್ಕದ ಕೃಷಿಕರಿಗೆ ಪಾಲಿಗೆ ಕೊಡಿ. ನಿಮಗೆ ಹತ್ತು ಸೆಂಟ್ಸ್ ಸಾಕು: ಬಸಳೆ ಚಪ್ಪರ, ಹರಿವೆ, ಎರಡು ಬಾಳೆ, ಒಂದು ಕರಿಬೇವು, ನಾಲ್ಕು ಮಲ್ಲಿಗೆ ಬುಡ.

ಹಂತ 9: ಆರೋಗ್ಯ, ಮತ್ತು ಪತ್ತನಾಜೆಯೊಳಗೆ ಮುಗಿಸುವ ಕೆಲಸ

ಮಳೆಗಾಲದಲ್ಲಿ ಇಲಿಜ್ವರ ಇಲ್ಲಿ ನಿಜವಾದ ಅಪಾಯ. ಇಲಿಯ ಮೂತ್ರ ಸೇರಿದ ಕೆಸರುನೀರು ಕಾಲಿನ ಗಾಯಕ್ಕೆ ತಾಗಿದರೂ ಸಾಕು. ಗಂಬೂಟು ಹಾಕದೆ ತೋಟಕ್ಕೆ ಇಳಿಯಬೇಡಿ. ಜ್ವರ, ಮೀನಖಂಡದ ನೋವು ಬಂದರೆ ಕಷಾಯ ಕುಡಿದು ಕಾಯಬೇಡಿ, ಎರಡನೇ ದಿನವೇ ರಕ್ತಪರೀಕ್ಷೆ ಮಾಡಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮದ್ದಿನವರ ಮನೆ ಹುಡುಕುವುದು ಬೇಡ. ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆಗೆ ಹೋಗಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷಕ್ಕೆ ಕೊಡುವ ಇಂಜೆಕ್ಷನ್ ಸದಾ ಇರುತ್ತದೆ ಅಂತ ಮೊದಲೇ ಕೇಳಿಟ್ಟಿರಿ. 108, ರಿಕ್ಷಾದವರು, ಪಕ್ಕದ ಮನೆ, ಮೆಸ್ಕಾಂ ಲೈನ್‌ಮ್ಯಾನ್ ಇವರ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಮೇ ಕೊನೆಯ ವಾರದಲ್ಲಿ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಅಂದರೆ ವರ್ಷದ ತಿರುಗಾಟ ಮುಗಿಸುವ ದಿನ. ಅದಕ್ಕೆ ಮೊದಲು ಮನೆಯ ಕೆಲಸವೂ ಮುಗಿದಿರಬೇಕು. ಕಟ್ಟಿಗೆ ಒಳಗೆ ಪೇರಿಸಿ. ತೆಂಗಿನಕಾಯಿ ಅಟ್ಟಕ್ಕೆ ಹೋಗಲಿ. ಹಲಸಿನ ಹಪ್ಪಳ, ಉಪ್ಪಿನಕಾಯಿ, ಹುಣಸೆಹುಳಿ ಡಬ್ಬಿ ತುಂಬಲಿ. ಮೂರು ತಿಂಗಳ ಮಾತ್ರೆ ತಂದಿಡಿ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿ. ಕಣಿ ಬಿಡಿಸಿ. ಮನೆ ಮೇಲೆ ಬಾಗಿದ ಮರದ ಗೆಲ್ಲು ಕಡಿಸಿ. ಪಶ್ಚಿಮದ ಗೋಡೆಗೆ ತಟ್ಟಿ ಕಟ್ಟಿಸಿ. ಎಲ್ಲ ಆದ ಮೇಲೆ ಗಂಟು ಹಾಕಿದ ಹಗ್ಗ ಬಾವಿಗೆ ಬಿಟ್ಟು, ಅಳತೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಈ ವರ್ಷ ನಮ್ಮದು ಐದು ಅಡಿ, ಕಳೆದ ವರ್ಷಕ್ಕಿಂತ ಅರ್ಧ ಅಡಿ ಜಾಸ್ತಿ.